ಸುಶಿಯ ಹುಳಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ "ಆ ಹಸಿ ಮೀನು ಹೇಗೆ ತಿಂತೀಯೋ ಮಾರಾಯ" ಎಂದು ಕೇಳಿದೆಯಲ್ಲ, ಆಗ ರೈಲಿನ ಗದ್ದಲದಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಬರೀ ಹಸಿ ಮೀನಿಗೆ ಇಲ್ಲಿ ಜಪಾನಿನಲ್ಲಿ ಸಾಶಿಮಿ ಎನ್ನುತ್ತಾರೆ. ನಾನು ತಿನ್ನುವುದು ಸುಶಿ. ಆ ಹಳೆಯ ಮಾತಿಗೆ ಹುಳಿ ಎಂದೇ ಅರ್ಥ. ವಿನೆಗರ್, ಉಪ್ಪು, ಸಕ್ಕರೆ ಬೆರೆಸಿದ ಅನ್ನವೇ ಅದರ ಜೀವ. ಮೇಲೆ ಮೀನೇ ಇರಬೇಕೆಂದಿಲ್ಲ.

ಆ ಹುಳಿ ಬಂದ ದಾರಿ ನನಗೆ ತುಂಬಾ ಇಷ್ಟ. ಮೀನು ಕೆಡಬಾರದೆಂದು ಉಪ್ಪು ಹಾಕಿ, ಅನ್ನದೊಳಗೆ ಹುಗಿದು, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿಯುತ್ತಿತ್ತು, ಆ ಹುಳಿ ಮೀನನ್ನು ಕಾಯುತ್ತಿತ್ತು. ನಮ್ಮ ಇಡ್ಲಿ ಹಿಟ್ಟು ರಾತ್ರಿಯಿಡೀ ಹುಳಿ ಬರುತ್ತದಲ್ಲ, ಹಾಗೇ. ತಿನ್ನುವಾಗ ಅನ್ನ ತೆಗೆದು ಹಾಕುತ್ತಿದ್ದರು. ಬಿವಾ ಸರೋವರದ ಸುತ್ತ ಇವತ್ತಿಗೂ ಹೀಗೆ ಫುನಾಜುಶಿ ಮಾಡುತ್ತಾರೆ. ನಾನು ತಿಂದೆ. ಹಳೇ ಚೀಸ್ ತರದ ವಾಸನೆ, ನಾಲಿಗೆ ಚುರ್ ಎನ್ನುವ ಹುಳಿ. ಮೊದಲ ತುಂಡು ಕಷ್ಟವಾಯಿತು. ಎರಡನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಆಮೇಲೆ ಜನ ಅಷ್ಟು ದಿನ ಕಾಯಲಿಲ್ಲ. ಅನ್ನವನ್ನೂ ತಿನ್ನತೊಡಗಿದರು, ಬೇಗ ಹುಳಿಯಾಗಲೆಂದು ವಿನೆಗರ್ ಹಾಕಿದರು. ಒಸಾಕಾದವರು ಮರದ ಪೆಟ್ಟಿಗೆಯಲ್ಲಿ ಒತ್ತಿ ತುಂಡು ಮಾಡಿದರು. 1820ರ ದಶಕದಲ್ಲಿ ಎಡೊ, ಅಂದರೆ ಇಂದಿನ ಟೋಕಿಯೊದ ಬೀದಿಗಳಲ್ಲಿ ಅನ್ನವನ್ನು ಕೈಯಲ್ಲೇ ಅದುಮಿ, ಮೇಲೆ ಮೀನಿಟ್ಟು ಕೊಡುವ ನಿಗಿರಿ ಹರಡಿತು. ಹನಾಯ ಯೊಹೆ ಎಂಬಾತನ ಹೆಸರನ್ನು ಇದಕ್ಕೆ ಹೇಳುತ್ತಾರೆ. ಐಸ್ ಇಲ್ಲದ ಕಾಲ ನೋಡು, ಮೀನನ್ನು ಸೋಯಾ ಸಾಸ್‌ನಲ್ಲಿ ನೆನೆಸಿಯೋ, ಬೇಯಿಸಿಯೋ ಕೊಡುತ್ತಿದ್ದರು. ತುಂಡೂ ಈಗಿನದಕ್ಕಿಂತ ಜಾಸ್ತಿ ದೊಡ್ಡದು. ತಟ್ಟೆಗಳು ಬೆಲ್ಟಿನ ಮೇಲೆ ತಿರುಗಿ ಬರುವ ಅಂಗಡಿ ಶುರುವಾದದ್ದು 1958ರಲ್ಲಿ, ಒಸಾಕಾದ ಪಕ್ಕದಲ್ಲಿ.

ನೀನು ಮೀನು ಮುಟ್ಟುವವನಲ್ಲ, ಗೊತ್ತು. ಕರಿದ ತೋಫು, ಅಂದರೆ ಸೋಯಾ ಹಾಲಿನ ಪನೀರಿನಂಥದ್ದು, ಅದರ ಚೀಲದಲ್ಲಿ ಅನ್ನ ತುಂಬುವ ಇನಾರಿ ಇದೆ. ಆದರೆ ಆ ತೋಫುವನ್ನು ಸಾಮಾನ್ಯವಾಗಿ ಮೀನಿನ ಸಾರಿನಲ್ಲಿ ಬೇಯಿಸುತ್ತಾರೆ, ಕೇಳಿಯೇ ತಿನ್ನಬೇಕು. ನಿನಗೆ ಸರಿಹೋಗುವುದು ಕಪ್ಪಾಮಾಕಿ. ಅನ್ನದ ನಡುವೆ ಸೌತೆಕಾಯಿ, ಸುತ್ತ ನೋರಿ ಎಂಬ ಕಡಲಪಾಚಿಯ ಹಾಳೆ, ಅಷ್ಟೇ. ಕಪ್ಪಾ ಅಂದರೆ ಇಲ್ಲಿನ ಕಥೆಗಳಲ್ಲಿ ಬರುವ ನೀರಿನ ಭೂತ. ಅದಕ್ಕೆ ಸೌತೆಕಾಯಿ ಅಂದ್ರೆ ಪ್ರಾಣವಂತೆ!

ಡಿಸೆಂಬರ್‌ನಲ್ಲಿ ಬರುವಾಗ ಎರಡು ಕಿಲೋ ಅಕ್ಕಿ, ನೋರಿ ಹಾಳೆ ತರುತ್ತೇನೆ. ಸೋನಾ ಮಸೂರಿ ಅಷ್ಟು ಅಂಟುವುದಿಲ್ಲ. ಸೌತೆಕಾಯಿ ಮಾತ್ರ ನಿಮ್ಮ ಹಿತ್ತಿಲದ್ದೇ ಇರಲಿ.

ನಿನ್ನ ಗೆಳೆಯ