ಆ್ಯಪ್ ತಡವರಿಸಿದರೆ ಜಾವಾಸ್ಕ್ರಿಪ್ಟನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಕಾಫಿ ಧಾರಣೆ, ಮಳೆ ಲೆಕ್ಕ, ಹೋಂಸ್ಟೇ ಬುಕಿಂಗ್ ಎಂದು ಕೊಡಗಿಗೆ ಬೇಕಾದ ಆ್ಯಪ್‌ಗಳನ್ನು ರಿಯಾಕ್ಟ್ ನೇಟಿವ್‌ನಲ್ಲಿ (ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮೊಬೈಲ್ ಆ್ಯಪ್ ಕಟ್ಟುವ ಚೌಕಟ್ಟು) ಬರೆಯಹೊರಟವರಿಗೆ ಕೆಲವು ಮಾತು. ಒಂದೇ ಕೋಡ್ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒದಗುವುದರಿಂದ ಸಣ್ಣ ತಂಡಕ್ಕೆ ಅದು ತಕ್ಕ ಆಯ್ಕೆಯೇ. ಆ್ಯಪ್ ತಡವರಿಸಿದ ಕೂಡಲೇ ಜಾವಾಸ್ಕ್ರಿಪ್ಟನ್ನು ದೂರುವವರಿದ್ದಾರೆ. ತಪ್ಪು ಹೆಚ್ಚಾಗಿ ಇರುವುದು ಜೋಡಿಸಿದ ರೀತಿಯಲ್ಲಿ.

ಮಳೆ ಲೆಕ್ಕವನ್ನೇ ನೋಡಿ. ಹತ್ತು ವರ್ಷದ್ದೆಂದರೆ 3,650ಕ್ಕೂ ಹೆಚ್ಚು ಸಾಲು. ರಿಯಾಕ್ಟ್ ನೇಟಿವ್‌ನಲ್ಲಿ ಪಟ್ಟಿ ತೋರಿಸುವ ಭಾಗಗಳ ಪೈಕಿ ಸ್ಕ್ರೋಲ್‌ವ್ಯೂ ಎಂಬುದು ಅಷ್ಟನ್ನೂ ಒಮ್ಮೆಗೇ ಕಟ್ಟಲು ಹೋಗಿ ಫೋನನ್ನು ಸುಸ್ತು ಮಾಡುತ್ತದೆ. ಫ್ಲಾಟ್‌ಲಿಸ್ಟ್ ಎಂಬ ಇನ್ನೊಂದು ಭಾಗವಾದರೆ ಮೊದಲಿಗೆ 10 ಸಾಲು ತೋರಿಸಿ, ಆಮೇಲೆ ಮೇಲೆ ಕೆಳಗೆ ಹತ್ತತ್ತು ಪರದೆಯಷ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಎಷ್ಟು ಪರದೆ ಇಟ್ಟುಕೊಳ್ಳಬೇಕೆಂದು ಹೇಳುವ ವಿಂಡೋಸೈಜನ್ನು 21ರಿಂದ (ಕಾಣುವ ಪರದೆಯೂ ಸೇರಿ) ಇಳಿಸಿದರೆ ಮೆಮೊರಿ ಉಳಿಯುತ್ತದೆ, ಆದರೆ ಜೋರಾಗಿ ಸರಿಸಿದಾಗ ಖಾಲಿ ಜಾಗ ಕಾಣುತ್ತದೆ. ಪ್ರತಿ ಸಾಲನ್ನು ಗುರುತಿಸುವ ಕೀ ಆಗಿ ಕ್ರಮಸಂಖ್ಯೆ ಬೇಡ, ದಿನಾಂಕ ಇರಲಿ. ಇಂದಿನ ಮಳೆ ಮೇಲೆ ಸೇರಿದೊಡನೆ ಕ್ರಮಸಂಖ್ಯೆಗಳೆಲ್ಲ ಜರುಗಿ, ಕಾಣುವ ಸಾಲುಗಳೆಲ್ಲ ಮತ್ತೆ ರೆಂಡರ್ ಆಗುತ್ತವೆ (ಹೊಸದಾಗಿ ರಚನೆಯಾಗುತ್ತವೆ).

ಇಲ್ಲಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಹೇಳುತ್ತಾರಷ್ಟೆ. 1 ಇಂಚು 35 ಸೆಂಟ್ಸನ್ನು 135 ಎಂದು ಪೂರ್ಣಾಂಕವಾಗಿಯೇ ಉಳಿಸಿ. ದಶಮಾಂಶದಲ್ಲಿ ಉಳಿಸಿದರೆ ಲೆಕ್ಕ ತಪ್ಪುತ್ತದೆ: ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ತಿಂಗಳ ಮೊತ್ತವನ್ನು ರೆಂಡರ್ ಮಾಡುವಾಗ ಲೆಕ್ಕ ಹಾಕಬೇಡಿ, ಫೋನಿನೊಳಗಿನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ಗೆ ಬಿಡಿ. ಏಕೆಂದರೆ ಪರದೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಮೂಡಿಸಬೇಕೆಂದರೆ ಒಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್ ಮಾತ್ರ.

ಹೋಂಸ್ಟೇ ಆ್ಯಪ್‌ಗಳಲ್ಲಿ ಫೋಟೊದ್ದೇ ಕಾಟ. 4000×3000 ಪಿಕ್ಸೆಲ್ ಚಿತ್ರ ಪೂರ್ತಿ ಗಾತ್ರದಲ್ಲಿ ಡಿಕೋಡ್ ಆದರೆ (ತೋರಿಸಲು ಬಿಚ್ಚಿಕೊಂಡರೆ) 48 ಎಂಬಿ ಮೆಮೊರಿ ಬೇಕು, ಫೈಲ್ ಮೂರೇ ಎಂಬಿ ಇದ್ದರೂ. ಪಟ್ಟಿಗೆ ಸರ್ವರ್‌ನಿಂದಲೇ ಸಣ್ಣ ಚಿತ್ರ ಕಳಿಸಿ.

ಮಳೆಗಾಲದಲ್ಲಿ ಸಿಗ್ನಲ್ ಕಡ್ಡಿ ಕಾಣಿಸಿದರೂ ಡೇಟಾ ಅಲುಗುವುದಿಲ್ಲ. ಆದ್ದರಿಂದ ನಮೂದು ಮೊದಲು ಫೋನಿನ ಎಸ್‌ಕ್ಯೂಲೈಟ್‌ಗೆ ಹೋಗಲಿ, ಅಲ್ಲಿಂದ ಸರದಿಯಲ್ಲಿ ಸರ್ವರ್‌ಗೆ. ಪ್ರತಿ ನಮೂದಿಗೂ ಫೋನಿನಲ್ಲೇ ಐಡಿ ಕೊಟ್ಟು, ಆ ಐಡಿ ಮೊದಲೇ ಬಂದಿದೆಯೇ ಎಂದು ಸರ್ವರ್ ನೋಡಿಕೊಂಡರೆ ಮತ್ತೆ ಕಳಿಸಿದಾಗ ಎರಡು ಸಲ ದಾಖಲಾಗದು. ಸರ್ವರ್‌ಗೆ ಕೋರಿಕೆ ಕಳಿಸುವ ಫೆಚ್‌ಗೆ ಕಾಲಮಿತಿಯನ್ನು ನಾವೇ ಹಾಕಬೇಕು. ಇದಕ್ಕೆಲ್ಲ ಫೋನಿನಲ್ಲಿ ಸಣ್ಣಪುಟ್ಟ ಮಾಹಿತಿ ಉಳಿಸುವ ಅಸಿಂಕ್‌ಸ್ಟೋರೇಜ್ ಸಾಲದು, ಆಂಡ್ರಾಯ್ಡ್‌ನಲ್ಲಿ ಅದರ ಮಿತಿ ಸಾಮಾನ್ಯವಾಗಿ 6 ಎಂಬಿ. ಈ ಕೆಲಸವೆಲ್ಲ ಪರದೆಯ ಕೋಡ್‌ನೊಳಗೆ ನುಸುಳದೆ ಬೇರೆ ಫೋಲ್ಡರಿನಲ್ಲಿರಲಿ. ಪರದೆ ತೋರಿಸಲಿ, ಸಾಕು.

ಡೆವಲಪ್‌ಮೆಂಟ್ ಮೋಡ್‌ನಲ್ಲಿ ವೇಗ ಅಳೆಯುವುದು ವ್ಯರ್ಥ, ಅದು ಹೇಗೂ ನಿಧಾನ. ರಿಲೀಸ್ ಬಿಲ್ಡ್ (ಬಳಕೆದಾರರಿಗೆ ಕೊಡುವ ರೂಪ) ಮಾಡಿ, ಕೋಡ್‌ನಲ್ಲಿ ಪರೀಕ್ಷೆಗೆಂದು ಹಾಕಿದ ಕನ್ಸೋಲ್ ಲಾಗ್‌ಗಳನ್ನು ಅಳಿಸಿ, ಆಮೇಲೆ ವೇಗ ನೋಡಿ. ರಿಯಾಕ್ಟ್ ನೇಟಿವ್ 0.70ಕ್ಕಿಂತ ಹಳೆಯ ಆವೃತ್ತಿಯಾದರೆ, ಜಾವಾಸ್ಕ್ರಿಪ್ಟ್ ನಡೆಸುವ ಹರ್ಮಿಸ್ ಎಂಜಿನ್ ತಾನಾಗಿ ಬಂದಿರುವುದಿಲ್ಲ. ಜಿಲ್ಲೆಯ ಕಾಲೇಜುಗಳೂ ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ ನೋಡಿ ಅಂಕ ಕೊಡುವ ಬದಲು 2 ಜಿಬಿ ರ‍್ಯಾಮ್‌ನ ಫೋನಿಗೆ ಹಾಕಿಸಿ, ಏರೋಪ್ಲೇನ್ ಮೋಡ್‌ನಲ್ಲಿ ಒಮ್ಮೆ ನಡೆಸಿ ನೋಡಲಿ.

– ಆ್ಯಪ್ ತಯಾರಕರು, ವಿರಾಜಪೇಟೆ