ಗ್ಯಾರೇಜಿನ ಗೋಡೆ

ಆನ್ ಆರ್ಬರ್, ಮಿಷಿಗನ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟನ ನೆಗಡಿ ವಾಸಿಯಾಗಿದೆ. ಅಪ್ಪ, ವಿಡಿಯೋ ಕಾಲ್‌ನಲ್ಲಿ ಗ್ಯಾರೇಜ್ ನೋಡಿ "ಇದಕ್ಕೆಲ್ಲ ಎಷ್ಟು ಸುರಿದೆ?" ಅಂತ ಕೇಳಿದಿರಲ್ಲ, ಸ್ಕ್ರೂ, ಕೊಕ್ಕೆ ಬಿಟ್ಟರೆ ಯಾವುದಕ್ಕೂ ದುಡ್ಡು ಕೊಟ್ಟಿಲ್ಲ. ಎಲ್ಲ ಯಾರೋ ಬೇಡ ಅಂತ ಬಿಟ್ಟ ಸಾಮಾನೇ.

ಇಲ್ಲಿ ಗ್ಯಾರೇಜ್ ಅಂದರೆ ನಮ್ಮ ಮನೆ ಅಟ್ಟ ಇದ್ದ ಹಾಗೆ. ಹಿಮ ಎತ್ತುವ ಸಲಿಕೆ, ಹುಲ್ಲು ಕತ್ತರಿಸುವ ಮಷಿನ್, ಸೈಕಲ್, ಎಲ್ಲ ಅಲ್ಲಿಗೇ. ಆದರೆ ಚಳಿಗಾಲದಲ್ಲಿ ಕಾರು ಹೊರಗೆ ನಿಂತರೆ ಬೆಳಿಗ್ಗೆ ಗಾಜಿನ ಮೇಲಿನ ಐಸ್ ಕೆರೆಯಬೇಕು. ಅದಕ್ಕೇ ನೆಲ ಖಾಲಿ ಬಿಟ್ಟು ಸಾಮಾನನ್ನು ಗೋಡೆಗೆ ಹತ್ತಿಸಿದೆ.

ಈ ಗೋಡೆ ಇಟ್ಟಿಗೆಯದಲ್ಲ. ಒಳಗೆ ಮರದ ಕಂಬಗಳು, ಅದರ ಮೇಲೆ ಜಿಪ್ಸಮ್ ಹಲಗೆ. ಬರೀ ಹಲಗೆಗೆ ಸ್ಕ್ರೂ ಹಾಕಿದರೆ ಭಾರಕ್ಕೆ ಕಿತ್ತು ಬರುತ್ತದೆ. ಕಂಬಕ್ಕೇ ಹಾಕಬೇಕು. ಸಾಮಾನ್ಯವಾಗಿ 16 ಇಂಚಿಗೊಂದು ಕಂಬ. ಕೆಟ್ಟುಹೋದ ಸ್ಪೀಕರಿನ ಆಯಸ್ಕಾಂತವನ್ನು ಗೋಡೆ ಮೇಲೆ ಮೆಲ್ಲಗೆ ಸರಿಸಿದರೆ, ಹಲಗೆ ಕೂರಿಸಿದ ಸ್ಕ್ರೂ ಇರುವ ಕಡೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಅಲ್ಲೇ ಪೆನ್ಸಿಲ್ ಗುರುತು ಹಾಕಿಕೊಂಡೆ.

ಸಲಿಕೆಗಳು ನೇತಾಡುತ್ತಿದ್ದವಲ್ಲ, ಅದು ಪಕ್ಕದ ಮನೆಯವರ ಮಗುವಿನ ಮಂಚದ ಕಟಕಟೆ. ಒಂದು ಬದಿ ಕೆಳಗೆ ಜಾರುವಂಥ ಹಳೇ ಮಂಚ. ಆ ಬದಿ ಕಳಚಿಕೊಂಡು ಸಂದಿಯಲ್ಲಿ ಸಿಕ್ಕಿ ಮಕ್ಕಳು ಸತ್ತಿದ್ದಾರೆ. ಹಾಗಾಗಿ 2011ರ ಜೂನ್‌ನಿಂದ ಅಂಥದ್ದನ್ನು ಇಲ್ಲಿ ಮಾರುವಂತಿಲ್ಲ, ಸೆಕೆಂಡ್ ಹ್ಯಾಂಡ್ ಕೂಡ. ಕಸಕ್ಕೆ ಅಂತ ಹೊರಗಿಟ್ಟಿದ್ದರು, ಕೇಳಿ ತೆಗೆದುಕೊಂಡೆ. ಹಿಂದೆ ಮರದ ತುಂಡು ಕೊಟ್ಟು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಕೂರಿಸಬೇಕು. ಆಗ ಮೇಲಿನ ಪಟ್ಟಿಗೆ ಎಸ್ ಕೊಕ್ಕೆ ಸಲೀಸಾಗಿ ಸಿಗುತ್ತದೆ.

ಅಮ್ಮ, ನಿನಗೆ ಇಷ್ಟವಾಗುವುದು ಉಪ್ಪಿನಕಾಯಿ ಬಾಟಲಿಗಳ ಸಾಲು. ಮುಚ್ಚಳವನ್ನು ಶೆಲ್ಫಿನ ಅಡಿಗೆ ಸ್ಕ್ರೂ ಮಾಡಿ, ಬಾಟಲಿಯನ್ನು ಕೆಳಗಿನಿಂದ ತಿರುಗಿಸಿ ಹಾಕುವುದು. ಎರಡು ಸ್ಕ್ರೂ ಬೇಕು. ಒಂದೇ ಆದರೆ ಬಾಟಲಿ ಜೊತೆ ಮುಚ್ಚಳವೂ ಸುತ್ತುತ್ತದೆ. ಮೊಳೆ, ನಟ್ಟು, ವಾಷರ್ ಎಲ್ಲ ಗಾಜಿನೊಳಗೆ ಕಾಣುತ್ತದೆ, ಸುಮ್ನೆ ಡಬ್ಬ ತಡಕಾಡುವುದು ತಪ್ಪಿತು. ಕಳೆನಾಶಕ, ಥಿನ್ನರ್ ಮಾತ್ರ ಇಂಥ ಬಾಟಲಿಗೆ ಎಂದೂ ಸುರಿಯುವುದಿಲ್ಲ. ಪುಟ್ಟ ಕುಡಿದುಬಿಟ್ಟರೆ? ಅವೆಲ್ಲ ಅದರದರ ಡಬ್ಬದಲ್ಲೇ, ಯಾರೋ ಕಿತ್ತುಹಾಕಿದ ಅಡುಗೆಮನೆ ಕಪಾಟಿನಲ್ಲಿ, ಬೀಗದೊಳಗೆ. ನೀರಿನ ಪೇಂಟ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಅದನ್ನು ನೆಲಮಾಳಿಗೆಗೆ ಒಯ್ದಿದ್ದೇನೆ.

ಅಪ್ಪ, ನಮ್ಮ ತೋಟದ ಶೆಡ್ಡಿಗೂ ಇದನ್ನು ಮಾಡಬೇಕು ಅಂತ ಆಸೆ. ಕತ್ತಿ, ಹಾರೆ ಎಲ್ಲ ಮೂಲೆಯಲ್ಲಿ ಬಿದ್ದಿರುತ್ತವೆ, ಕತ್ತಲಲ್ಲಿ ಕಾಲಿಗೆ ತಗುಲಿದರೆ ಏನು ಗತಿ? ಅಲ್ಲಿ ಇಟ್ಟಿಗೆ ಗೋಡೆ, ತೂತು ಕೊರೆದು, ಸ್ಕ್ರೂ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಪ್ಲಗ್ ಹಾಕಿದರಾಯಿತು. ಮರಕ್ಕೆ ಗೆದ್ದಲು ಕಾಟ ಜಾಸ್ತಿ ಅಲ್ವಾ, ಅದಕ್ಕೆ ಅಜ್ಜಿಯ ಕಬ್ಬಿಣದ ಮಂಚದ ತಲೆಬದಿ ಸರಿಹೋಗುತ್ತದೆ. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ. ಉದ್ದ, ಎತ್ತರ ಅಳೆದು ಕಳಿಸಿ. ಡಿಸೆಂಬರ್‌ನಲ್ಲಿ ಬಂದಾಗ ಕೂರಿಸುತ್ತೇನೆ.

ನಿಮ್ಮ ಮಗಳು