ದೇವರ ಬಗ್ಗೆ ಬರೆಯಲು ಹೊರಟ ತಮ್ಮನಿಗೆ

ಪ್ರೀತಿಯ ತಮ್ಮನಿಗೆ,

ನಿನ್ನ ಬರಹ ತಲುಪಿತು, ಓದಿದೆ. ದೇವರಿಲ್ಲ, ಆತ್ಮ ಇಲ್ಲ, ಸತ್ತ ಮೇಲೆ ಏನೂ ಇಲ್ಲ ಅಂತ ನಾಲ್ಕು ಪುಟ ವಾದ ಮಾಡಿದ್ದೀಯ. ಆ ವಾದದಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ, ಹೆಚ್ಚುಕಡಿಮೆ ನನ್ನದೂ ಅದೇ ಅಭಿಪ್ರಾಯ. ಆದರೆ ಓದುತ್ತಾ ಓದುತ್ತಾ ತೂಕಡಿಕೆ ಬಂತು. ಎಚ್ಚರ ಆದದ್ದು ಕೊನೆಯ ಪುಟದಲ್ಲಿ ನಿಮ್ಮ ಅಜ್ಜಿ ಬಂದಾಗ. ಅಮಾವಾಸ್ಯೆಯ ಎಡೆಗೆ ತಾತನ ಬೀಡಿ ಕಟ್ಟು ಇಟ್ಟು, 'ಬೆಂಕಿಪೊಟ್ಣನೂ ಇಡೋ' ಎಂದರಂತೆ. ಅದನ್ನು ಎರಡೇ ಸಾಲಿನಲ್ಲಿ ಬರೆದು, 'ಇದು ಅಜ್ಞಾನವಲ್ಲದೆ ಇನ್ನೇನು' ಎಂದು ಮುಗಿಸಿದ್ದೀಯ.

ಅಲ್ಲಪ್ಪಾ, ಬೆಂಕಿಪೊಟ್ಟಣ! ಬೀಡಿ ಒಂದೇ ಇಟ್ಟರೆ ಆ ಮನುಷ್ಯ ಹಚ್ಚಿಕೊಳ್ಳೋದು ಹೇಗೆ ಅಂತ ಯೋಚನೆ ಮಾಡಿದ ಹೆಂಗಸನ್ನು ಬಾಗಿಲಲ್ಲೇ ಬಿಟ್ಟು ನೀನು ಆತ್ಮದ ಬಗ್ಗೆ ಭಾಷಣ ಮಾಡಲು ಹೋಗಿದ್ದೀಯಲ್ಲ. ಆ ನಾಲ್ಕು ಪುಟವನ್ನು ಯಾರು ಬೇಕಾದರೂ ಬರೆಯಬಹುದು. ಆಗಲೇ ಬರೆದೂ ಆಗಿದೆ. ಎ.ಎನ್. ಮೂರ್ತಿರಾವ್ 'ದೇವರು' ಪುಸ್ತಕ ಬರೆದದ್ದು ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ. ಸಾವು ಪಕ್ಕದ ಬೀದಿಯಲ್ಲಿ ಇರುವ ವಯಸ್ಸು ಅದು. ಅಷ್ಟು ಸಮಾಧಾನದಿಂದ ಆ ವಾದವನ್ನು ಕನ್ನಡದಲ್ಲಿ ಒಬ್ಬರು ಮಾಡಿದ ಮೇಲೆ ಇಪ್ಪತ್ನಾಲ್ಕರ ಹುಡುಗ ಅದನ್ನೇ ಗಟ್ಟಿ ದನಿಯಲ್ಲಿ ಮತ್ತೆ ಹೇಳಿದರೆ ಯಾರಿಗೇನು ಸಿಗುತ್ತೆ? ನಿಮ್ಮ ಅಜ್ಜಿಯ ಬೆಂಕಿಪೊಟ್ಟಣ ಮಾತ್ರ ನಿನ್ನ ಹತ್ತಿರವೇ ಇರೋದು.

ನನ್ನ ನಂಬಿಕೆ ಏನು ಅಂತ ಕೇಳಿದ್ದೀಯ. ಮುಚ್ಚಿಡುವಂಥದ್ದೇನಿಲ್ಲ. ನಮ್ಮ ಪಾಪ ಪುಣ್ಯದ ಲೆಕ್ಕ ಬರೆಯುವವನೊಬ್ಬ ಮೇಲೆ ಕೂತಿದ್ದಾನೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಸತ್ತ ಮೇಲೆ ನಾನು ಎಲ್ಲಿಗೂ ಹೋಗುವುದಿಲ್ಲ ಅಂತಲೇ ಅಂದುಕೊಂಡಿದ್ದೇನೆ. ಆದರೂ ಪಿತೃಪಕ್ಷ ಬಂದರೆ ಊರಿಗೆ ಹೋಗಿ ಅಪ್ಪ ಅಮ್ಮನಿಗೆ ಎಡೆ ಇಡುತ್ತೇನೆ. ಕಳಶ, ಹೊಸ ಪಂಚೆ, ಸೀರೆ, ಬಾಳೆಲೆ, ಕಜ್ಜಾಯ, ಮುದ್ದೆ, ಮಟನ್ ಸಾರು. ಧೂಪ ಹಾಕಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರ ಜೊತೆ ಜಗಲಿಯಲ್ಲಿ ಕೂರುತ್ತೇನೆ. ಒಳಗೆ ಹೋಗುವ ಮುಂಚೆ ಕೆಮ್ಮುತ್ತೇನೆ. ಊಟಕ್ಕೆ ಕೂತವರಿಗೆ ಮುಜುಗರ ಆಗಬಾರದಲ್ಲ! ಯಾರು ಊಟಕ್ಕೆ ಕೂತಿದ್ದಾರೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಕೆಮ್ಮದೆ ಒಳಗೆ ಹೋಗು ಎಂದರೆ ನನ್ನ ಕೈಲಾಗದು. ದೇವರ ಬಗ್ಗೆ ಯಾರಾದರೂ ನನ್ನನ್ನು ಬರೆಯಲು ಕೇಳಿದರೆ ನಾನು ಶುರು ಮಾಡುವುದು ಈ ಕೆಮ್ಮಿನಿಂದ.

ನಮ್ಮ ಮನೆಗಳಲ್ಲಿ ಸತ್ತವರು ಒಂದೇ ಕಡೆ ಇರುವುದಿಲ್ಲ, ಗಮನಿಸಿದ್ದೀಯಾ? ತಿಥಿ ಕಾರ್ಡಿನಲ್ಲಿ ತಾತ ಶಿವನ ಪಾದ ಸೇರಿರುತ್ತಾರೆ. ವರ್ಷದೊಳಗೆ ಗಂಡು ಮಗು ಹುಟ್ಟಿದರೆ 'ತಾತನೇ ಬಂದ' ಎಂದು ಅದೇ ಹೆಸರಿಡುತ್ತಾರೆ. ಸೊಸೆ ಆ ಮಗುವನ್ನು ಹೆಸರು ಹಿಡಿದು ಗದರುವುದಿಲ್ಲ, ಮಾವನ ಹೆಸರಲ್ವಾ, 'ಪುಟ್ಟಾ' ಅಂತಲೇ ಬೈಯುತ್ತಾಳೆ. ಪಿತೃಪಕ್ಷ ಬಂದರೆ ಅದೇ ತಾತ ಬೀಡಿ ಸೇದಲು ಮನೆಗೆ ಬರುತ್ತಾರೆ. ಇನ್ನು ಎಮ್ಮೆ ಹಾಲು ಕೊಡದಿದ್ದರೆ, 'ಹೊಲದಲ್ಲಿ ಅವರ ಸಮಾಧಿಗೆ ದೀಪ ಹಚ್ಚಿ ಎಷ್ಟು ದಿನ ಆಯ್ತು ನೋಡು' ಎನ್ನುತ್ತಾರೆ. ಕೈಲಾಸದಲ್ಲೂ ತಾತ, ತೊಟ್ಟಿಲಲ್ಲೂ ತಾತ, ಎಡೆಯ ಮುಂದೂ ತಾತ, ಹೊಲದ ಬದುವಿನಲ್ಲೂ ತಾತ. ಇದನ್ನು ತರ್ಕದಲ್ಲಿ ಸೋಲಿಸುವುದು ಐದು ನಿಮಿಷದ ಕೆಲಸ. ಹೈಸ್ಕೂಲ್ ಚರ್ಚಾಸ್ಪರ್ಧೆಯ ಹುಡುಗ ಮಾಡುತ್ತಾನೆ. ನಿನ್ನ ಕೆಲಸ ಬೇರೆ. ಇವರಿಗೆ ಈ ನಾಲ್ಕೂ ಒಟ್ಟಿಗೆ ಯಾಕೆ ಬೇಕು, ಯಾವುದು ಯಾವ ಹೊತ್ತಿಗೆ ಬೇಕು ಅಂತ ನೋಡು. ಹೊಲ ಪಾಲಾಗುವ ದಿನ ತಾತ ಕೈಲಾಸದಲ್ಲಿ ಇರುವುದಿಲ್ಲ, ಪಂಚಾಯ್ತಿಯ ಮಧ್ಯೆಯೇ ಇರುತ್ತಾರೆ. 'ಅವರ ಆತ್ಮಕ್ಕೆ ಶಾಂತಿ ಸಿಗಬೇಕಾದರೆ ಕೆರೆ ಕೆಳಗಿನ ಗದ್ದೆ ಚಿಕ್ಕವನಿಗೆ ಕೊಡಿ' ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ!

ಇನ್ನೊಂದು ವಿಷಯ. ದೇವರಿಲ್ಲ ಎಂದು ತೋರಿಸಿಬಿಟ್ಟರೆ ಸತ್ತ ಮೇಲಿನದೂ ತಾನಾಗಿ ಬಿದ್ದುಹೋಗುತ್ತದೆ ಎನ್ನುವ ಹಾಗೆ ಬರೆದಿದ್ದೀಯ. ಎರಡೂ ಒಂದೇ ಅಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ ನೋಡು. ಏಳನೇ ಶತಮಾನದ ಹೊತ್ತಿನಿಂದ ಅಲ್ಲಿನ ಬಂಡೆಗಳ ಮೇಲೆ ಸಲ್ಲೇಖನ ಮಾಡಿದವರ ಹೆಸರುಗಳಿವೆ. ಅನ್ನ ನೀರು ಒಂದೊಂದಾಗಿ ಬಿಟ್ಟು, ಗೊತ್ತಿದ್ದೂ ಗೊತ್ತಿದ್ದೂ ಸಾವಿನ ಕಡೆ ನಡೆದವರು. ಜಗತ್ತನ್ನು ಸೃಷ್ಟಿಸಿದ ದೇವರು ಜೈನರಿಗಿಲ್ಲ. ಕರ್ಮ ಇದೆ, ಮುಂದಿನ ಜನ್ಮ ಇದೆ. ಬಸವಣ್ಣನವರದು ಬಹುಮಟ್ಟಿಗೆ ಇದರ ಉಲ್ಟಾ. ದೇವರು ಅಂಗೈಯಲ್ಲೇ ಇದ್ದಾನೆ, ಸ್ವರ್ಗ ನರಕ ಮಾತ್ರ ಬೇರೆಲ್ಲೂ ಇಲ್ಲ, ಆಚಾರವೇ ಸ್ವರ್ಗ, ಅನಾಚಾರವೇ ನರಕ. ಲಿಂಗಾಯತರ ಮನೆಯ ಮಣ್ಣಿಗೆ ಹೋಗಿದ್ದರೆ ನೋಡಿರುತ್ತೀಯ, ಹೆಣವನ್ನು ಕೂರಿಸುತ್ತಾರೆ, ಮಲಗಿಸುವುದಿಲ್ಲ. ಎಡಗೈಯಲ್ಲಿ ಲಿಂಗ ಇಡುತ್ತಾರೆ. ಕಠೋಪನಿಷತ್ತಿನಲ್ಲಿ ಸತ್ತ ಮೇಲೆ ಏನು ಎಂದು ನಚಿಕೇತ ಕೇಳಿದರೆ ಯಮನೇ ಹಿಂದೇಟು ಹಾಕುತ್ತಾನೆ. ದೇವತೆಗಳಿಗೂ ಇದರಲ್ಲಿ ಅನುಮಾನ ಇತ್ತು ಕಣಪ್ಪಾ, ಆನೆ ಕೇಳು, ಚಿನ್ನ ಕೇಳು, ಇದೊಂದು ಬಿಡು ಎನ್ನುತ್ತಾನೆ. ಯಮನಿಗೇ ಬೇಡವಾದ ಪ್ರಶ್ನೆಯನ್ನು ನೀನು ನಾಲ್ಕು ಪುಟದಲ್ಲಿ ಬಗೆಹರಿಸಿದ್ದೀಯ!

ಹಾಗಾದರೆ ಏನು ಬರೆಯಲಿ ಅಂತೀಯ. ಜನ ಏನು ನಂಬುತ್ತಾರೆ ಅಂತ ಅವರನ್ನೇ ಕೇಳಿದರೆ ಕೇಳಿದ್ದು ಓದಿದ್ದು ಹೇಳುತ್ತಾರೆ. ಸುಮ್ನೆ ಪಕ್ಕದಲ್ಲಿ ನಿಂತು ಏನು ಮಾಡುತ್ತಾರೆ ನೋಡು.

ತಿಥಿಯ ದಿನ ಕಾಗೆಗೆ ಎಡೆ ಇಡುವಾಗ ಹೋಗಿ ನಿಲ್ಲು. ಅಂಥ ಒಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಮಾಧಿಯ ಹತ್ತಿರ ಎಲೆ ಹಾಕಿ ಎಲ್ಲರೂ ಹಿಂದೆ ಸರಿದರು. ಹೊಂಗೆ ಮರದ ಮೇಲೆ ಮೂರ್ನಾಲ್ಕು ಕಾಗೆ ಕೂತಿದ್ದವು, ಇಳಿಯಲಿಲ್ಲ. ಹೊತ್ತು ಹೋಯಿತು, ಬಿಸಿಲು ಏರಿತು. ಒಬ್ಬರು ಎಲೆಯ ಮೇಲೆ ಇನ್ನೊಂದಿಷ್ಟು ವಡೆ ಮುರಿದು ಹಾಕಿದರು. ಆಗ ಶುರುವಾಯಿತು ನೋಡು. ದೊಡ್ಡ ಮಗ ಮುಂದೆ ಬಂದು ಗಟ್ಟಿಯಾಗಿ, 'ಸೊಸೈಟಿ ಸಾಲ ನಾನು ತೀರಿಸ್ತೀನಿ' ಎಂದ. ಕಾಗೆ ಅಲುಗಲಿಲ್ಲ. 'ಅವ್ವನ್ನ ನಾನೇ ನೋಡ್ಕೋತೀನಿ' ಎಂದ. ಊಹೂಂ. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಹಿಂದೆ ನಿಂತಿದ್ದ ಹೆಂಗಸರ ಗುಂಪಿನಿಂದ ಒಂದು ಮುದುಕಿ, ಸತ್ತವರ ಅಕ್ಕ, 'ಆ ಹುಡುಗಿ ಮದ್ವೆ ಮಾಡ್ತೀವಿ ಅಂತ ಹೇಳ್ರೋ' ಎಂದಳು. ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಿದ್ದ ಮಗಳು ಅಲ್ಲೇ ತಲೆ ಬಗ್ಗಿಸಿ ನಿಂತಿದ್ದಳು. ಅಣ್ಣತಮ್ಮಂದಿರು ಬಾಯಿ ಬಿಡಲಿಲ್ಲ. ಮುದುಕಿ ಮತ್ತೆ ಕೂಗಿದಳು. ದೊಡ್ಡವನು ನೆಲ ನೋಡಿಕೊಂಡು, 'ಆಯ್ತು, ಮಾಡ್ತೀವಿ' ಎಂದ. ಆಮೇಲೆ ಕಾಗೆ ಇಳಿಯಿತು.

ಕಾಗೆ ಹಸಿವಿಗೆ ಇಳಿಯಿತೋ, ಜನ ದೂರ ಸರಿದದ್ದಕ್ಕೆ ಇಳಿಯಿತೋ, ನನಗೆ ಬೇಕಾಗಿಲ್ಲ. ಅಷ್ಟು ಜನರ ಎದುರಿಗೆ ಬಾಯಿಬಿಟ್ಟು ಹೇಳಿದ ಮಾತು, ಅದಕ್ಕೆ ಸಾಕ್ಷಿಯಾಗಿ ಸತ್ತ ಅಪ್ಪ. ಬದುಕಿದ್ದಾಗ ಆ ಅಪ್ಪನಿಗೆ ಈ ಮಾತು ಹೇಳಿಸಲು ಆಗಿರಲಿಲ್ಲ. ಆ ಮುದುಕಿ ಕಾಗೆಯನ್ನು ನಂಬಿ ಕೂಗಿದಳೋ, ಕಾಗೆಯನ್ನು ಉಪಯೋಗಿಸಿಕೊಂಡಳೋ? ಎರಡೂ ಇದ್ದಿರಬಹುದು. ಬೆಂಗಳೂರಿನಲ್ಲಿ ಈಗ ಕಾಗೆಗೆ ಕಾದು ಕಾದು ಸಾಕಾಗಿ ಎಡೆಯನ್ನು ಹಸುವಿಗೆ ಕೊಟ್ಟು ಮುಗಿಸುವುದುಂಟು. ಹಸು ಬೇಗ ತಿನ್ನುತ್ತೆ, ಯಾರೂ ಏನೂ ಒಪ್ಪಿಕೊಳ್ಳುವ ಅಗತ್ಯ ಬೀಳೋದಿಲ್ಲ. ಇದನ್ನೂ ಬರಿ.

ಶ್ರೀರಂಗಪಟ್ಟಣದ ಹತ್ತಿರ ಪಶ್ಚಿಮವಾಹಿನಿಗೂ ಒಂದು ಬೆಳಿಗ್ಗೆ ಹೋಗಿ ಕೂತು ಬಾ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲು ಬಿಟ್ಟದ್ದು ಅಲ್ಲೇ. ಪಿಂಡ ಇಡಿಸುವವರು ಅಪ್ಪನ ಹೆಸರು, ತಾತನ ಹೆಸರು, ಮುತ್ತಾತನ ಹೆಸರು ಕೇಳುತ್ತಾರೆ. ಮೂರನೆಯದಕ್ಕೆ ಮಗ ತಡವರಿಸುತ್ತಾನೆ. ಒದ್ದೆ ಪಂಚೆಯಲ್ಲೇ ಊರಿಗೆ ಫೋನ್ ಹಚ್ಚಿ ಸೋದರತ್ತೆಯನ್ನು ಕೇಳುತ್ತಾನೆ, ಸ್ಪೀಕರ್ ಹಾಕುತ್ತಾನೆ. ಸತ್ತು ಎಂಬತ್ತು ವರ್ಷವಾದ ಒಬ್ಬನ ಹೆಸರು ಆ ಫೋನಿನಿಂದ ಬರುತ್ತದೆ. ಇಂಥದ್ದಕ್ಕೆ ನೀನು ಅರ್ಥ ಹಚ್ಚಬೇಕಾಗಿಲ್ಲ.

ನಮ್ಮ ಜಿಲ್ಲೆಯದೇ ಒಂದು ಕಲ್ಲಿದೆ, ನೋಡದಿದ್ದರೆ ನೋಡು. ಮದ್ದೂರು ತಾಲ್ಲೂಕಿನ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಕ್ರಿ.ಶ. 949-50ರದು. ಚೋಳರ ಮೇಲಿನ ಯುದ್ಧದಲ್ಲಿ ಮಣಲೆರ ಎಂಬವನು ಚೆನ್ನಾಗಿ ಕಾದಾಡಿದ. ಮೆಚ್ಚಿದೆ, ಏನು ಬೇಕೋ ಕೇಳು ಎಂದು ಒಡೆಯ ಹೇಳಿದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎನ್ನುವ ನಾಯಿ ಕೇಳಿದ. ಆಮೇಲೆ ಬೇಟೆಯಲ್ಲಿ ಕಾಳಿ ಒಂದು ಹಂದಿಯ ಮೇಲೆ ಬಿತ್ತು, ಎರಡೂ ಕಚ್ಚಾಡಿ ಸತ್ತವು. ಮಣಲೆರ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ಬರಲಿ ಎಂದು ಬರೆಸಿದ. ನಾಯಿಗೆ ಆತ್ಮ ಇದೆಯೇ, ಅದು ಸ್ವರ್ಗಕ್ಕೆ ಹೋಗುತ್ತದೆಯೇ ಎಂಬ ಚರ್ಚೆಯೇ ಆ ಕಲ್ಲಿನ ಮೇಲೆ ಇಲ್ಲ. ತಾನು ಸತ್ತ ಮೇಲೂ ದಿನಾ ಯಾರಾದರೊಬ್ಬರು ಕಾಳಿಯನ್ನು ನೆನೆದೇ ಅನ್ನಕ್ಕೆ ಕೈ ಹಾಕಬೇಕು, ಅಷ್ಟಕ್ಕೆ ಅವನು ವ್ಯವಸ್ಥೆ ಮಾಡಿದ. ಆ ಸಾಲುಗಳನ್ನು ಕೆತ್ತಿಸಿದವನಷ್ಟು ಚೆನ್ನಾಗಿ ನನಗೆ ಬರೆಯಲು ಬಂದಿದ್ದರೆ!

ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಹೇಳಿದ್ದನ್ನು ಕೇಳಿ ನೀನು ಈಗ ಇನ್ನೊಂದು ಕಡೆಗೆ ವಾಲಿಬಿಟ್ಟೀಯ. ನಮ್ಮ ಹಿರಿಯರು ಎಂಥವರು, ಎಂಥ ಸಂಸ್ಕೃತಿ ಅಂತ ಕಣ್ಣೀರಿನ ಬರಹ. ಅದು ನಿನ್ನ ನಾಲ್ಕು ಪುಟಕ್ಕಿಂತ ಕೆಟ್ಟದ್ದು. ನಿನ್ನ ಸಿಟ್ಟು ನನಗೆ ಇಷ್ಟ, ಅದನ್ನು ಕಳೆದುಕೊಳ್ಳಬೇಡ, ಜಾಗ ಬದಲಾಯಿಸು ಅಷ್ಟೇ. ಆಕಾಶದ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಸಾವಿನ ಸುದ್ದಿ ಹೊತ್ತು ಊರೂರಿಗೆ ನಡೆದವರು ಯಾರು? ಗುಂಡಿ ತೋಡುವವರು ಯಾರು, ಮೆರವಣಿಗೆಯ ಮುಂದೆ ತಮಟೆ ಬಡಿದು ತಿಥಿ ಊಟಕ್ಕೆ ದೂರ ಕೂರುವವರು ಯಾರು? ಸತ್ತ ಮೇಲೆ ಎಲ್ಲರೂ ಒಂದೇ ಎನ್ನುವ ಊರಿನಲ್ಲೇ ಸ್ಮಶಾನ ಎರಡು ಇರುತ್ತೆ. ತಿಥಿಯ ಬೆಳಿಗ್ಗೆ ಗಂಡ ಸತ್ತವಳಿಗೆ ಹೂ ಮುಡಿಸಿ, ಕೈ ತುಂಬ ಬಳೆ ತೊಡಿಸಿ, ಆಮೇಲೆ ಒಡೆಯುತ್ತಾರಲ್ಲ, ಆ ಕೆಲಸ ಮಾಡುವುದೂ ಹೆಂಗಸರೇ. ಒಡೆಯುವಾಗ ಕೈಗೆ ಗಾಯ ಆಗದಿರಲಿ ಎಂದು ಹುಷಾರಾಗಿ ಒಡೆಯುತ್ತಾರೆ. ಒಡೆಯುವವರಲ್ಲಿ ಅವಳಿಗಿಂತ ಮುಂಚೆ ಬಳೆ ಕಳೆದುಕೊಂಡವರೂ ಇರುತ್ತಾರೆ. ಇದನ್ನು ನೋಡಿ ಬರೆಯಲು ನಿನಗೆ ದೇವರಿಲ್ಲ ಎನ್ನುವ ವಾದ ಬೇಡ. ನೋಡಿದ್ದನ್ನು ಬಿಡದೆ ಬರೆದರೆ ಸಾಕು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಮೌಢ್ಯ', 'ಅಧ್ಯಾತ್ಮ' ಎರಡನ್ನೂ ಈ ಬರಹದಿಂದ ತೆಗೆ. 'ಮೂಢ ಜನ' ಎಂದು ಬರೆದ ಕಡೆಯಲ್ಲೆಲ್ಲ ಒಬ್ಬರ ಹೆಸರು ಹಾಕು, ಆ ವಾಕ್ಯ ನಿಲ್ಲುತ್ತದೆಯೋ ನೋಡು. ನಿನ್ನ ಸೋದರಮಾವನ ಎದುರು ಕೂತು ಗಟ್ಟಿಯಾಗಿ ಓದು. ದಿನಾ ವಿಭೂತಿ ಇಟ್ಟುಕೊಳ್ಳುವವರು ಅಂತ ಬರೆದಿದ್ದೆಯಲ್ಲ, ಅವರೇ. ಅವರು ಮಧ್ಯೆ ಎದ್ದು ಹೋದರೆ ಯಾವ ಸಾಲಿಗೆ ಎದ್ದರು ಅಂತ ಗುರುತು ಹಾಕಿಕೋ. ಎಲ್ಲ ಸಲವೂ ತಪ್ಪು ನಿನ್ನದೇ ಆಗಿರಬೇಕಿಲ್ಲ.

ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗುತ್ತೀಯಲ್ವಾ, ಬಂದ ಮೇಲೆ ಬರೆದು ಕಳಿಸು. ಉದ್ದ ಆಯಿತು ಅಂತ ಹೆದರಬೇಡ. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದರೂ ಆಗುತ್ತೆ, ಆದರೆ ಪ್ರಿಂಟ್ ತೆಗೆಸಿ ಅಂಚೆಗೆ ಹಾಕಿದರೆ ಒಳ್ಳೆಯದು. ಪೆನ್ನು ಹಿಡಿದು ಗೀಚಲು ನನಗೆ ಜಾಗ ಬೇಕು, ಸಾಲುಗಳ ಮಧ್ಯೆ ಸ್ವಲ್ಪ ಬಿಡು.

ಇಂತಿ,
ನಿನ್ನ ಅಣ್ಣ